ಕೆಳಗೆ ತುಂಬಿದ ಜಲಾಶಯ, ಮೇಲೆ ಬತ್ತಿದ ಒರತೆ: ಗುಡ್ಡದೂರಿಗೆ ನೀರು ಎಲ್ಲಿಂದ?

ಓದುಗರ ಪ್ರಶ್ನೆ: ನಮ್ಮದು ಗುಡ್ಡದ ಮೇಲಿನ ಊರು. ಸುಮಾರು 200 ಮನೆ, ಸಾವಿರ ಜನ. ಮಳೆಗಾಲದಲ್ಲಿ ವಾರಗಟ್ಟಲೆ ಮಳೆ ಬಿಡುವುದಿಲ್ಲ. ಕೆಳಗೆ ಕಣಿವೆಯಲ್ಲಿ ದೊಡ್ಡ ಜಲಾಶಯ ಇದೆ. ಎತ್ತರದ ಲೆಕ್ಕದಲ್ಲಿ ನಮಗಿಂತ ಸುಮಾರು 300 ಮೀಟರ್ ಕೆಳಗೆ. ಆದರೂ ಬೇಸಿಗೆ ಬಂದರೆ ನಮ್ಮ ಎರಡೂ ಒರತೆ ಸೊರಗುತ್ತವೆ, ಕುಡಿಯುವ ನೀರಿಗೂ ಪರದಾಟ. ಜಲಾಶಯ ಗುಡ್ಡದ ನೀರನ್ನೆಲ್ಲ ಎಳೆದುಕೊಳ್ಳುತ್ತಿದೆ ಎಂದು ಹಿರಿಯರು ಹೇಳುತ್ತಾರೆ. ಮಳೆಗಾಲದಲ್ಲಿ ನೋಡಿದರೆ ಅದೇ ಜಲಾಶಯದಿಂದ ನೀರನ್ನು ಸುಮ್ನೆ ಹೊರಗೆ ಬಿಡುತ್ತಾರೆ. ಈಗ ಊರಿನಲ್ಲಿ ಮೂರು ಸಲಹೆ ಓಡಾಡುತ್ತಿವೆ: ಜಲಾಶಯದಿಂದ ಪಂಪ್ ಮಾಡುವುದು, ಬೋರ್‌ವೆಲ್ ಕೊರೆಸುವುದು, ಮೇಲಿನ ತೊರೆಗೆ ನಾವೇ ಸಣ್ಣ ಅಣೆಕಟ್ಟು ಕಟ್ಟುವುದು. ಇದರ ನಡುವೆ ಜಲವಿದ್ಯುತ್ತಿಗೆಂದು ನಮ್ಮ ಗುಡ್ಡದೊಳಗೆ ಸುರಂಗ ತೋಡುವ ಸುದ್ದಿಯೂ ಇದೆ. ಜಲಾಶಯದಿಂದ ಭೂಕಂಪ, ಗುಡ್ಡ ಕುಸಿತ ಆಗುತ್ತದೆ ಎಂಬ ಭಯ ಬೇರೆ. ನಾವು ಯಾವ ದಾರಿ ಹಿಡಿಯಬೇಕು?

ಉತ್ತರ: ಮೊದಲು ಹಿರಿಯರ ಮಾತನ್ನೇ ತೆಗೆದುಕೊಳ್ಳೋಣ. ಗುಡ್ಡದೂರುಗಳಲ್ಲಿ ನೀರಿನ ಕೆಲಸ ಮಾಡಿದವರೆಲ್ಲ ಈ ಮಾತನ್ನು ಕೇಳಿಯೇ ಇರುತ್ತಾರೆ.

ಜಲಾಶಯ ನಿಮ್ಮ ಒರತೆಯ ನೀರನ್ನು ಎಳೆದುಕೊಳ್ಳುವುದಿಲ್ಲ. ನೆಲದೊಳಗಿನ ನೀರು ಮೇಲಿನಿಂದ ಕೆಳಗೆ ಇಳಿಯುವುದು ತನ್ನ ಭಾರದಿಂದ, ಕೆಳಗಿನ ನೀರು ಕರೆಯುತ್ತದೆ ಅಂತಲ್ಲ. ಅಣೆಕಟ್ಟು ಕಟ್ಟುವ ಮೊದಲು ಅಲ್ಲಿ ಹೊಳೆ ಇತ್ತು, ಅದರ ಮಟ್ಟ ಈಗಿನದಕ್ಕಿಂತ ಇನ್ನೂ ಕೆಳಗಿತ್ತು. ಅಣೆಕಟ್ಟು ಕಟ್ಟಿದ ಮೇಲೆ ಕಣಿವೆಯ ನೀರಿನ ಮಟ್ಟ ಏರಿದೆ. ಹಾಗಾಗಿ ದಡದ ಹತ್ತಿರದ ಬಾವಿಗಳಲ್ಲಿ ನೀರು ಜಾಸ್ತಿ ಆಗಬೇಕೇ ಹೊರತು ಕಡಿಮೆ ಆಗಬಾರದು. 300 ಮೀಟರ್ ಮೇಲಿರುವ ಒರತೆಗೆ ಕೆಳಗಿನ ಜಲಾಶಯ ತುಂಬಿದರೂ ಒಂದೇ, ಬರಿದಾದರೂ ಒಂದೇ.

ಹಾಗಂತ ಹಿರಿಯರು ಕಂಡದ್ದು ಸುಳ್ಳು ಎನ್ನಲಾರೆ. ಅಣೆಕಟ್ಟು ಬಂದ ಕಾಲಕ್ಕೇ ಒರತೆ ಸೊರಗಿದ್ದು ನಿಜ ಇರಬಹುದು. ಆದರೆ ಆ ಕಾಲದಲ್ಲಿ ಗುಡ್ಡಕ್ಕೆ ಇನ್ನೂ ಏನೇನೋ ಆಗಿರುತ್ತದೆ. ಯಂತ್ರಗಳು ಬರಲು ಇಳಿಜಾರನ್ನು ಅಡ್ಡ ಸೀಳಿ ರಸ್ತೆ ಮಾಡುತ್ತಾರೆ. ಕಲ್ಲಿಗಾಗಿ ಗುಡ್ಡ ಸಿಡಿಸುತ್ತಾರೆ. ಮುಳುಗಡೆಯಾದವರು ಮೇಲೆ ಬಂದು ಕಾಡು ಕಡಿದು ಗದ್ದೆ, ತೋಟ ಮಾಡುತ್ತಾರೆ. ರಸ್ತೆಯ ಒಂದು ಕಡಿತ ಸಾಕು, ಒರತೆಗೆ ಹೋಗುತ್ತಿದ್ದ ನೀರು ಚರಂಡಿಗೆ ಬಂದು ಸೇರುತ್ತದೆ. ನಿಮ್ಮ ಒರತೆಯ ಮೇಲ್ಭಾಗದಲ್ಲಿ ರಸ್ತೆ ಇದ್ದರೆ, ಮಳೆ ನಿಂತು ಎರಡು ವಾರ ಆದ ಮೇಲೆ ಹೋಗಿ ನೋಡಿ. ಕಡಿದ ಗೋಡೆ ಇನ್ನೂ ಜಿನುಗುತ್ತಿದ್ದರೆ, ಅದರಲ್ಲಿ ನಿಮ್ಮ ಒರತೆಯ ಪಾಲೂ ಇರಬಹುದು.

ಸುರಂಗದ ವಿಷಯ ಬೇರೆ. ಅಲ್ಲಿ ಹಿರಿಯರ ಭಯಕ್ಕೆ ಗಟ್ಟಿ ಆಧಾರ ಇದೆ. ಗುಡ್ಡದ ಹೊಟ್ಟೆಯಲ್ಲಿ ಸುರಂಗ ತೋಡಿದರೆ ಅದು ಸುತ್ತಲಿನ ಬಂಡೆ ಬಿರುಕುಗಳ ನೀರನ್ನು ಬಸಿಯುವ ಕಾಲುವೆ ಆಗಬಹುದು. ಶ್ರೀಲಂಕಾದ ಬದುಲ್ಲ ಜಿಲ್ಲೆಯಲ್ಲಿ ಉಮಾ ಓಯ ಯೋಜನೆಯ ಸುರಂಗ ತೋಡುವಾಗ 2014ರ ಕೊನೆಯಲ್ಲಿ ಒಳಗೆ ನೀರು ನುಗ್ಗಿತು. ಬಂಡಾರವೆಲ ಸುತ್ತಮುತ್ತ ಸಾವಿರಾರು ಬಾವಿಗಳು ಬತ್ತಿದವು, ಮನೆಗಳ ಗೋಡೆ ಬಿರುಕು ಬಿಟ್ಟವು. ಇಟಲಿಯ ಗ್ರಾನ್ ಸಾಸ್ಸೊ ಪರ್ವತದಲ್ಲಿ ಹೆದ್ದಾರಿ ಸುರಂಗ ತೋಡಿದಾಗ ಒಳಗಿನ ನೀರಿನ ಮಟ್ಟ ನೂರಾರು ಮೀಟರ್ ಇಳಿಯಿತು. ಹಾಗಾಗಿ ಜಲಾಶಯದ ಮೇಲಿನ ಸಿಟ್ಟನ್ನು ಸ್ವಲ್ಪ ಬದಿಗಿಟ್ಟು ಸುರಂಗದ ಕಡೆ ಗಮನ ಕೊಡಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಷ್ಟು ಮಳೆ ಬಿದ್ದರೂ ನೀರು ಎಲ್ಲಿ ಹೋಗುತ್ತದೆ?

ಒಂದು ಹೆಕ್ಟೇರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ವರ್ಷಕ್ಕೆ 3000 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಒಂದೇ ಹೆಕ್ಟೇರಿಗೆ 3 ಕೋಟಿ ಲೀಟರ್. ನಿಮ್ಮ ಸಾವಿರ ಜನಕ್ಕೆ ತಲೆಗೆ 55 ಲೀಟರಿನಂತೆ ದಿನಕ್ಕೆ 55,000 ಲೀಟರ್ ಬೇಕು. ಅಂದರೆ ವರ್ಷಕ್ಕೆ 2 ಕೋಟಿ ಲೀಟರ್. ಒಂದು ಹೆಕ್ಟೇರಿನ ಮಳೆ ಇಡೀ ಊರಿಗೆ ವರ್ಷವಿಡೀ ಸಾಕಾಗಿ ಮಿಗುತ್ತದೆ! ಗುಡ್ಡದೂರಿನಲ್ಲಿ ನೀರಿಗೆ ಕೊರತೆ ಇಲ್ಲ. ಅದು ಗುಡ್ಡದಲ್ಲಿ ಉಳಿಯುವ ದಿನಗಳಿಗೆ ಕೊರತೆ.

ಮಳೆ ನೀರು ಮಣ್ಣಿಗೆ ಇಂಗಿ, ಬಂಡೆಯ ಬಿರುಕುಗಳಲ್ಲಿ ನಿಧಾನ ಇಳಿದು, ಇಂಗದ ಪದರ ಸಿಕ್ಕಲ್ಲಿ ಅಡ್ಡಕ್ಕೆ ಹರಿದು, ಇಳಿಜಾರಿನಲ್ಲಿ ಹೊರಗೆ ಬಂದರೆ ಅದು ಒರತೆ. ಈ ಪಯಣಕ್ಕೆ ಆರು ತಿಂಗಳು ಹಿಡಿದರೆ ಬೇಸಿಗೆಗೆ ನೀರು ಸಿಗುತ್ತದೆ. ಆರು ವಾರ ಹಿಡಿದರೆ ಚಳಿಗಾಲದಲ್ಲೇ ಮುಗಿದುಹೋಗುತ್ತದೆ. ಮೇಲಿನ ಮಣ್ಣು ಕೊಚ್ಚಿಹೋಗಿದ್ದರೆ, ದನಕರು, ವಾಹನ ತುಳಿದು ನೆಲ ಗಟ್ಟಿಯಾಗಿದ್ದರೆ, ಮಳೆ ಒಂದೇ ಸಮ ಬೀಳುವ ಬದಲು ನಾಲ್ಕು ದಿನಕ್ಕೆ ಧೋ ಎಂದು ಸುರಿದು ನಿಂತರೆ, ನೀರು ಒಳಗೆ ಇಳಿಯುವುದೇ ಇಲ್ಲ. ಇದು ನಿಮ್ಮೂರಿನ ಕಥೆ ಮಾತ್ರ ಅಲ್ಲ. ಹಿಮಾಲಯದ ಭಾರತದ ಭಾಗದಲ್ಲಿ ಸುಮಾರು 30 ಲಕ್ಷ ಒರತೆಗಳಿವೆ, ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತುತ್ತಿವೆ ಅಥವಾ ಸೊರಗುತ್ತಿವೆ ಎಂದು ನೀತಿ ಆಯೋಗದ 2018ರ ವರದಿ ಹೇಳಿತ್ತು.

ಇಲ್ಲಿ ಒಂದು ಜನಪ್ರಿಯ ನಂಬಿಕೆಯನ್ನು ಮುಟ್ಟಲೇಬೇಕು. ಗಿಡ ನೆಟ್ಟರೆ ಒರತೆ ತಾನಾಗೇ ಬರುತ್ತದೆ ಎನ್ನುತ್ತಾರೆ. ಅರ್ಧ ನಿಜ. ಹಳೆಯ ಕಾಡಿನ ಮಣ್ಣು ನೀರನ್ನು ಚೆನ್ನಾಗಿ ಇಂಗಿಸುತ್ತದೆ, ಅದನ್ನು ಉಳಿಸಿಕೊಳ್ಳಬೇಕು. ಆದರೆ ಮರ ನೀರು ಕುಡಿಯುತ್ತದೆ ಕೂಡ. ಬೇಗ ಬೆಳೆಯುವ ನೀಲಗಿರಿ, ಪೈನ್ ಮರಗಳನ್ನು ಸಾಲಾಗಿ ನೆಟ್ಟ ಕಡೆ ತೊರೆ ಸೊರಗಿದ್ದನ್ನು ದಕ್ಷಿಣ ಆಫ್ರಿಕಾ ದಶಕಗಳ ಕಾಲ ಅಳೆದು ನೋಡಿದೆ. ತೊರೆಗಳ ನೀರು ಕುಡಿಯುವ ಹೊರಗಿನ ಮರಗಳನ್ನು ತೆಗೆಸಲೆಂದೇ ಅಲ್ಲಿನ ಸರ್ಕಾರ 1995ರಲ್ಲಿ ಒಂದು ದೊಡ್ಡ ಕಾರ್ಯಕ್ರಮ ಶುರು ಮಾಡಿತು. ಒರತೆಯ ಮೇಲ್ಭಾಗಕ್ಕೆ ಹುಲ್ಲು, ಪೊದೆ, ಅಲ್ಲಿನದೇ ಜಾತಿಯ ಮರ ಸಾಕು. ಸಸಿ ವಿತರಣೆಯ ದಿನ ಲಾರಿಯಲ್ಲಿ ಬಂದದ್ದನ್ನೆಲ್ಲ ಅಲ್ಲಿ ನೆಡಬೇಡಿ.

ಜಲಾಶಯದ ನೀರನ್ನು ಮಳೆಗಾಲದಲ್ಲಿ ಸುಮ್ನೆ ಬಿಡುತ್ತಾರೆ ಎಂಬ ದೂರಿಗೆ ಬರೋಣ. ಇನ್ನೂ ಮಳೆ ಬಾಕಿ ಇರುವಾಗ ಜಲಾಶಯವನ್ನು ಬಾಯಿಮಟ್ಟ ತುಂಬಿಸಿಕೊಂಡರೆ, ಮುಂದಿನ ದೊಡ್ಡ ಪ್ರವಾಹಕ್ಕೆ ಜಾಗ ಇರುವುದಿಲ್ಲ. ಆಗ ಬಂದ ನೀರನ್ನೆಲ್ಲ ಒಮ್ಮೆಲೇ ಬಿಡಬೇಕಾಗುತ್ತದೆ, ಕೆಳಗಿನ ಊರುಗಳು ಮುಳುಗುತ್ತವೆ. ಅದಕ್ಕೇ ಯಾವ ವಾರ ಎಷ್ಟು ಮಟ್ಟ ಇರಬೇಕು ಎಂದು ಮೊದಲೇ ಒಂದು ಪಟ್ಟಿ ಮಾಡಿಕೊಂಡು ನಡೆಸುತ್ತಾರೆ. ಪಟ್ಟಿ ಹಳೆಯದಾಗಿರಬಹುದು, ನಡೆಸುವವರು ತಪ್ಪು ಮಾಡಬಹುದು, ಅದನ್ನು ಪ್ರಶ್ನಿಸಿ. ನೀರು ಬಿಡುವುದೇ ತಪ್ಪು ಎಂದು ಮಾತ್ರ ವಾದ ಮಾಡಬೇಡಿ.

ಕಣ್ಣಿಗೆ ಕಾಣುವ ನೀರೆಲ್ಲ ಬಳಸುವ ನೀರೂ ಅಲ್ಲ. ಅತಿ ಕೆಳಗಿನ ತೂಬಿಗಿಂತ ಕೆಳಗಿರುವ ನೀರು ಸಹಜವಾಗಿ ಹೊರಗೆ ಬರುವುದಿಲ್ಲ. ಮೇಲಿನಿಂದ ಬರುವ ಹೂಳು ವರ್ಷವರ್ಷವೂ ಜಾಗ ತಿನ್ನುತ್ತದೆ. ತುಂಗಭದ್ರಾ ಜಲಾಶಯ 1950ರ ದಶಕದಲ್ಲಿ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು 105. ಚೀನಾದ ಹಳದಿ ನದಿಯ ಸಾನ್‌ಮೆನ್‌ಶಿಯಾ ಅಣೆಕಟ್ಟಿನಲ್ಲಂತೂ 1960ರಲ್ಲಿ ನೀರು ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಹೂಳು ಎಷ್ಟು ತುಂಬಿತೆಂದರೆ, ಹೂಳು ಹೊರಹಾಕಲು ಅಣೆಕಟ್ಟಿನಲ್ಲೇ ಹೊಸ ದಾರಿಗಳನ್ನು ತೆರೆಯಬೇಕಾಯಿತು. ಈ ಹೂಳು ಎಲ್ಲಿಂದ ಬರುತ್ತದೆ? ನಿಮ್ಮಂಥ ಗುಡ್ಡಗಳಿಂದಲೇ. ಈ ಮಾತು ನೆನಪಿರಲಿ, ಜಲಾಶಯ ನಡೆಸುವವರ ಜೊತೆ ಮಾತುಕತೆಗೆ ಕೂತ ದಿನ ಕೆಲಸಕ್ಕೆ ಬರುತ್ತದೆ.

ಭೂಕಂಪ, ಕುಸಿತ: ಎಷ್ಟು ಭಯ ಸರಿ?

ಜಲಾಶಯ ಭೂಕಂಪವನ್ನು ಪ್ರಚೋದಿಸಬಹುದು ಎಂಬುದು ಕಟ್ಟುಕಥೆಯಲ್ಲ. ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರ್‌ನಲ್ಲಿ 6ಕ್ಕಿಂತ ಹೆಚ್ಚಿನ ತೀವ್ರತೆಯ ಭೂಕಂಪ ಆಯಿತು. ಜಲಾಶಯ ತುಂಬಲು ಶುರುವಾಗಿ ಐದಾರು ವರ್ಷ ಆಗಿತ್ತಷ್ಟೇ. ಆದರೆ ನೀರು ಭೂಕಂಪದ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಮೊದಲೇ ಒತ್ತಡದಲ್ಲಿರುವ ಬಿರುಕು ಜಾರಲು ನೆಪ ಆಗುತ್ತದೆ. ಇದು ಹೆಚ್ಚಾಗಿ ಕಂಡಿರುವುದು ನೂರು ಮೀಟರ್ ಆಸುಪಾಸಿನ ಅಥವಾ ಅದಕ್ಕಿಂತ ಆಳದ ಜಲಾಶಯಗಳಲ್ಲಿ, ಅದೂ ತುಂಬಿದ ಮೊದಲ ಕೆಲವು ವರ್ಷಗಳಲ್ಲಿ. ದಶಕಗಳಿಂದ ತುಂಬಿ ಇಳಿಯುತ್ತಾ ಬಂದಿರುವ ಹಳೆಯ ಜಲಾಶಯದ ಬಗ್ಗೆ ಈ ಒಂದು ಕಾರಣಕ್ಕೆ ನಿದ್ದೆಗೆಡಬೇಕಿಲ್ಲ.

ಗುಡ್ಡ ಕುಸಿತವನ್ನು ನಾನು ಜಾಸ್ತಿ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಇಟಲಿಯ ವಾಯೊಂಟ್‌ನಲ್ಲಿ 1963ರ ಅಕ್ಟೋಬರ್ 9ರಂದು ಜಲಾಶಯದ ಪಕ್ಕದ ಗುಡ್ಡದ ಒಂದು ಭಾಗವೇ ಜಾರಿ ನೀರಿಗೆ ಬಿತ್ತು. ಎದ್ದ ಅಲೆ ಅಣೆಕಟ್ಟಿನ ಮೇಲೆ ಹಾರಿ ಕೆಳಗಿನ ಊರುಗಳನ್ನು ಅಳಿಸಿಹಾಕಿತು. ಸುಮಾರು 2000 ಜನ ಸತ್ತರು. ಅಣೆಕಟ್ಟು ಮಾತ್ರ ಇಂದಿಗೂ ನಿಂತಿದೆ. ಗುಡ್ಡದ ಕಾಲು ನೀರಿನಲ್ಲಿ ನೆನೆದರೆ ಅದರ ಹಿಡಿತ ಕಡಿಮೆಯಾಗುತ್ತದೆ. ಜಲಾಶಯದ ನೀರನ್ನು ಬೇಗ ಬೇಗ ಇಳಿಸಿದಾಗ ಅಪಾಯ ಇನ್ನೂ ಜಾಸ್ತಿ. ಹೊರಗಿನ ನೀರಿನ ಆಸರೆ ಹೋಗುತ್ತದೆ, ಮಣ್ಣಿನೊಳಗಿನ ನೀರು ಅಷ್ಟು ಬೇಗ ಹೊರಬರಲಾರದೆ ಇಳಿಜಾರನ್ನು ತಳ್ಳುತ್ತದೆ.

ಇದು ತಟ್ಟುವುದು ದಡದ ಇಳಿಜಾರಿಗೆ. 300 ಮೀಟರ್ ಮೇಲಿನ ಊರಿಗೆ ಅಪಾಯ ಇರುವುದು ಹೆಚ್ಚಾಗಿ ಬೇರೆ ಕಾರಣಗಳಿಂದ: ಕಡಿದು ಬಿಟ್ಟ ರಸ್ತೆ, ಕಟ್ಟಿಕೊಂಡ ಚರಂಡಿ, ತಡೆಗೋಡೆ ಇಲ್ಲದ ಅಗೆತ. ನೆಲದಲ್ಲಿ ಬಿಲ್ಲಿನಾಕಾರದ ಬಿರುಕು, ಒಂದೇ ಕಡೆ ವಾಲಿದ ಮರಗಳು, ಹಿಂದೆ ಇಲ್ಲದ ಕಡೆ ಇದ್ದಕ್ಕಿದ್ದಂತೆ ಹುಟ್ಟಿದ ಕೆಸರು ಒರತೆ, ಇವು ಕಂಡರೆ ಕಾಯಬೇಡಿ. ಮನೆ ಬಿಟ್ಟು ಹೊರಡಿ, ಅಧಿಕಾರಿಗಳಿಗೆ ಹೇಳುವುದು ಆಮೇಲೆ. ಇನ್ನು ಅಣೆಕಟ್ಟು ಒಡೆಯುವ ಅಪಾಯ ಇರುವುದು ಅದರ ಕೆಳಗಿನವರಿಗೆ, ನಿಮಗಲ್ಲ.

ಈಗ ನಿಮ್ಮ ಮೂರು ದಾರಿಗಳು. ನಾನು ನಾಲ್ಕನೆಯದೊಂದನ್ನು ಸೇರಿಸುತ್ತೇನೆ.

ಸಣ್ಣ ಅಣೆಕಟ್ಟಿನ ಆಸೆ ನನಗೆ ಅರ್ಥವಾಗುತ್ತದೆ. ಕಟ್ಟಿದ್ದು ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಯೂ ಆಗುತ್ತದೆ. ಆದರೆ ಲೆಕ್ಕ ನೋಡಿ. ಗುಡ್ಡದ ತೊರೆ ಕಡಿದಾಗಿರುತ್ತದೆ. 10 ಮೀಟರಿಗೆ 1 ಮೀಟರ್ ಇಳಿಯುವ ತೊರೆಗೆ 5 ಮೀಟರ್ ಎತ್ತರದ, 20 ಮೀಟರ್ ಅಗಲದ ಕಟ್ಟೆ ಹಾಕಿದರೆ ನೀರು ಹಿಂದಕ್ಕೆ ನಿಲ್ಲುವುದು 50 ಮೀಟರ್ ಮಾತ್ರ. ಕೆಳಗೆ ಕಿರಿದಾಗುತ್ತಾ ಹೋಗುವ ಕಣಿವೆಯಲ್ಲಿ ಅಷ್ಟಕ್ಕೆ ಸಿಗುವುದು ಸುಮಾರು 8 ಲಕ್ಷ ಲೀಟರ್. ನಿಮ್ಮ ಊರಿಗೆ 15 ದಿನದ ನೀರು! ಅದೂ ಹೂಳು ತುಂಬದಿದ್ದರೆ. ಕಡಿದಾದ ತೊರೆ ಮರಳು, ಗುಂಡುಕಲ್ಲು ಎರಡನ್ನೂ ಉರುಳಿಸಿಕೊಂಡು ಬರುತ್ತದೆ, ಕೆಲವು ಮಳೆಗಾಲದಲ್ಲೇ ಕಟ್ಟೆಯ ಹಿಂದೆ ನೀರಿನ ಬದಲು ಕಲ್ಲು ನಿಂತಿರುತ್ತದೆ.

ಅಪಾಯವೂ ಇದೆ. ಮಣ್ಣಿನ ಕಟ್ಟೆಯ ಮೇಲಿಂದ ನೀರು ಹರಿಯಲು ಶುರುವಾದರೆ ಅದು ಉಳಿಯುವುದು ಕಷ್ಟ. ಅದಕ್ಕೆ ಕೋಡಿಯೇ ಕಟ್ಟೆಯ ಜೀವ. ಹಣ ಕಡಿಮೆ ಬಿದ್ದಾಗ ಮೊದಲು ಕಿರಿದಾಗುವುದು ಅದೇ ಕೋಡಿ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ದೊಡ್ಡದೇನಲ್ಲ. 2019ರ ಜುಲೈ 2ರ ರಾತ್ರಿ ಭಾರಿ ಮಳೆಗೆ ಅದು ಒಡೆದು, ಕೆಳಗಿದ್ದ ಮನೆಗಳು ಕೊಚ್ಚಿಹೋಗಿ ಜನ ಸತ್ತರು. ಹಳೆಯ ಕಟ್ಟೆ ಈಗಾಗಲೇ ಇದ್ದರೆ ಒಂದು ಗುರುತು ತಿಳಿದುಕೊಳ್ಳಿ. ಮಣ್ಣಿನ ಕಟ್ಟೆ ಸ್ವಲ್ಪ ಜಿನುಗುವುದು ಸಹಜ. ಜಿನುಗುವ ನೀರು ತಿಳಿಯಾಗಿದ್ದು ಪ್ರಮಾಣ ಬದಲಾಗದಿದ್ದರೆ ನೋಡುತ್ತಾ ಇದ್ದರೆ ಸಾಕು. ನೀರು ಕೆಂಪಗೆ ಕದಡಿ ಬಂದರೆ ಒಳಗಿನ ಮಣ್ಣು ಹೋಗುತ್ತಿದೆ ಎಂದರ್ಥ. ಆಗ ಗಂಟೆಗಳ ಲೆಕ್ಕ.

ಬೋರ್‌ವೆಲ್ ಬೇಗ ಆಗುವ ಕೆಲಸ. ಆದರೆ ಗಟ್ಟಿ ಬಂಡೆಯ ಗುಡ್ಡದಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಆ ಬಿರುಕು ಸಾಮಾನ್ಯವಾಗಿ ನಿಮ್ಮ ಒರತೆಗೆ ನೀರು ಕೊಡುವ ಬಿರುಕೇ ಆಗಿರುತ್ತದೆ. ಒರತೆಯ ಮೇಲ್ಭಾಗದಲ್ಲಿ ಕೊರೆಸುವುದೆಂದರೆ ಅದೇ ಕೊಡಕ್ಕೆ ಇನ್ನೊಂದು ತೂತು ಮಾಡಿದ ಹಾಗೆ. ಖರ್ಚಿಲ್ಲದೆ ಹರಿಯುತ್ತಿದ್ದ ನೀರಿಗೆ ಇನ್ನು ಕರೆಂಟ್ ಬಿಲ್ ಕಟ್ಟಬೇಕು, ಅಷ್ಟೇ ವ್ಯತ್ಯಾಸ. ಕೊರೆಸಲೇಬೇಕೆಂದರೆ ಒರತೆಯಿಂದ ದೂರದಲ್ಲಿ ಕೊರೆಸಿ. ಎರಡು ಮೂರು ದಿನ ಸತತ ಪಂಪ್ ಮಾಡಿ, ಆಗ ಒರತೆ ಇಳಿಯುತ್ತದೆಯೇ ಎಂದು ನೋಡಿ. ಇಳಿದರೆ ಆ ಬೋರ್‌ವೆಲ್‌ಗೆ ಬೀಗ ಹಾಕಿ, ಬರಗಾಲಕ್ಕೆ ಮಾತ್ರ ತೆಗೆಯಿರಿ.

ಜಲಾಶಯದಿಂದ ಪಂಪ್ ಮಾಡುವುದರಲ್ಲಿ ನೀರಿನ ಪ್ರಮಾಣ ಸಮಸ್ಯೆಯೇ ಅಲ್ಲ. 1 ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ನಿಮ್ಮಂಥ 1,400 ಊರುಗಳಿಗೆ ಒಂದು ವರ್ಷಕ್ಕಾಗುವಷ್ಟು. ನೀವು ತೆಗೆಯುವುದು ಜಲಾಶಯಕ್ಕೆ ಗೊತ್ತೂ ಆಗುವುದಿಲ್ಲ. ಕಷ್ಟ ಇರುವುದು ಎತ್ತರದಲ್ಲಿ. 1000 ಲೀಟರ್ ನೀರನ್ನು 300 ಮೀಟರ್ ಎತ್ತಲು ಲೆಕ್ಕದ ಪ್ರಕಾರ 0.8 ಯೂನಿಟ್ ಕರೆಂಟ್ ಸಾಕು. ಪಂಪು, ಪೈಪುಗಳ ನಷ್ಟ ಸೇರಿದರೆ 1.4ರ ಹತ್ತಿರ ಹೋಗುತ್ತದೆ. ದಿನಕ್ಕೆ 55,000 ಲೀಟರಿಗೆ 75 ಯೂನಿಟ್ ಆಸುಪಾಸು. ಅಷ್ಟು ಎತ್ತರದ ಒತ್ತಡಕ್ಕೆ ಸಾಮಾನ್ಯ ಪೈಪ್ ತಡೆಯುವುದಿಲ್ಲ, ಎರಡು ಮೂರು ಹಂತದಲ್ಲಿ ಎತ್ತಬೇಕು. ಬೇಸಿಗೆಯಲ್ಲಿ ಹಿನ್ನೀರು ದಡದಿಂದ ಬಹಳ ದೂರ ಸರಿದು ಕೆಸರು ಮಾತ್ರ ಉಳಿಯುತ್ತದೆ. ನಿಮಗೆ ನೀರು ಬೇಕಾಗುವುದೂ ಆಗಲೇ, ಅಲ್ವಾ? ಹಾಗಾಗಿ ಜ್ಯಾಕ್‌ವೆಲ್ ಅನ್ನು, ಅಂದರೆ ಪಂಪ್ ನೀರೆತ್ತುವ ಬಾವಿಯನ್ನು, ಜಲಾಶಯ ತುಂಬಿದಾಗಿನ ದಡದಲ್ಲಿ ಕಟ್ಟಿದರೆ ಉಪಯೋಗವಿಲ್ಲ. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಕಬ್ಬಿಣ, ಮ್ಯಾಂಗನೀಸ್, ಕೆಟ್ಟ ವಾಸನೆ ಸೇರುವುದುಂಟು, ಶುದ್ಧೀಕರಣವೂ ಬೇಕು.

ನಾಲ್ಕನೆಯದು ನಿಮ್ಮ ಒರತೆಗಳೇ. ಅವು ಈಗ ಎಷ್ಟು ಕೊಡುತ್ತವೆ ಎಂದು ಯಾರಾದರೂ ಅಳೆದಿದ್ದೀರಾ? 20 ಲೀಟರಿನ ಬಕೆಟ್ ಮತ್ತು ಮೊಬೈಲ್ ಗಡಿಯಾರ ಸಾಕು. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 40 ಲೀಟರ್, ದಿನಕ್ಕೆ 57,600 ಲೀಟರ್. ಇಡೀ ಊರಿಗೆ ಸಾಕು! ನಳದ ಮುಂದೆ ಸಾಲು ನಿಂತು ಜಗಳ ಆಗುವುದು ಬೆಳಗಿನ ಎರಡು ಮೂರು ಗಂಟೆ. ರಾತ್ರಿಯಿಡೀ ಆ ನೀರು ಸುಮ್ನೆ ಹರಿದು ಹೋಗುತ್ತಿರುತ್ತದೆ. ಒರತೆ ಬತ್ತಿತು ಎಂದು ಕರೆಸಿದ ಎಷ್ಟೋ ಕಡೆ ನಾನು ನೋಡಿದ್ದು ಇದನ್ನೇ, ಬತ್ತಿರಲಿಲ್ಲ, ಟ್ಯಾಂಕ್ ಇರಲಿಲ್ಲ. ಒರತೆಯ ಬಾಯಿಗೆ ಮುಚ್ಚಿದ ಕಲ್ಲಿನ ತೊಟ್ಟಿ, ಅಲ್ಲಿಂದ ಒಂದು ದಿನದ ನೀರು ಹಿಡಿಯುವ ಟ್ಯಾಂಕ್. ಮೊದಲ ಹಣ ಇಲ್ಲಿಗೇ ಹೋಗಲಿ. ಟ್ಯಾಂಕ್ ಒರತೆಗಿಂತ ಕೆಳಗೆ, ಮನೆಗಳಿಗಿಂತ ಮೇಲೆ ಇದ್ದರೆ ಪಂಪೂ ಬೇಡ.

ಅಳೆದಾಗ ಬೇಸಿಗೆಯ ಹರಿವು ನಿಜವಾಗಿಯೂ ಕಡಿಮೆ ಎಂದು ಕಂಡರೆ, ಮೇಲೆ ನೀರಿಂಗಿಸುವ ಕೆಲಸ. ಸಿಕ್ಕಿಂ ಸರ್ಕಾರ 2008ರಲ್ಲಿ ಧಾರಾ ವಿಕಾಸ್ ಎಂಬ ಹೆಸರಿನಲ್ಲಿ ಇದನ್ನೇ ಶುರು ಮಾಡಿತು. ಇಳಿಜಾರಿನಲ್ಲಿ ಅಡ್ಡ ಗುಂಡಿ, ಕಂದಕ, ಸಣ್ಣ ಹೊಂಡ ತೋಡಿ ಹಲವು ಒರತೆಗಳಿಗೆ ಜೀವ ತಂದರು. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಒರತೆಯ ನೆತ್ತಿಯ ಮೇಲೇ ಇಂಗುಗುಂಡಿ ತೋಡುತ್ತಾರೆ. ಆದರೆ ನೀರು ಬಂಡೆ ಪದರ ವಾಲಿದ ದಿಕ್ಕಿಗೆ ಹರಿಯುತ್ತದೆ. ಪದರ ನಿಮ್ಮ ಕಡೆಗೆ ವಾಲಿದ್ದರೆ ನಿಮ್ಮ ಒರತೆಗೆ ನೀರು ಕೊಡುವ ಜಾಗ ಗುಡ್ಡದ ತುದಿಯಾಚೆಗೂ ಇರಬಹುದು, ಪಕ್ಕದೂರಿನ ಹುಲ್ಲುಗಾವಲಿನಲ್ಲಿ! ಭೂವಿಜ್ಞಾನಿಯೊಬ್ಬರನ್ನು ಒಂದು ದಿನ ನಡೆಸಿಕೊಂಡು ಹೋಗಿ ತೋರಿಸಿ. ಫಲ ಕಾಣಲು ಎರಡು ಮೂರು ಮಳೆಗಾಲ ಬೇಕಾಗಬಹುದು. ತೀರ ಕಡಿದಾದ, ಬಿರುಕು ಬಿಟ್ಟ, ಹಿಂದೆ ಜಾರಿದ ಇಳಿಜಾರಿನಲ್ಲಿ ಮಾತ್ರ ಒಂದು ಗುಂಡಿಯನ್ನೂ ತೋಡಬೇಡಿ, ನೀರಿಂಗಿಸಲು ಹೋಗಿ ಗುಡ್ಡವನ್ನೇ ಇಳಿಸಿದಂತಾಗುತ್ತದೆ. ಇಂಗುವ ಜಾಗದಲ್ಲಿ ಶೌಚಾಲಯದ ಗುಂಡಿ, ಕೊಟ್ಟಿಗೆ ಬೇಡ. ಒರತೆ ನೀರು ತಿಳಿಯಾಗಿ ಕಂಡರೂ ಕ್ಲೋರಿನ್ ಹಾಕಿಯೇ ಕುಡಿಯಿರಿ.

ಹಾಗಾಗಿ ನನ್ನ ಆಯ್ಕೆ: ಒರತೆ ಮತ್ತು ಟ್ಯಾಂಕ್ ಮೊದಲು. ಅದೂ ಸಾಲದ ಒಂದೆರಡು ತಿಂಗಳಿಗೆ ಜಲಾಶಯದ ಪಂಪು. ಬೋರ್‌ವೆಲ್ ತುರ್ತಿಗೆ. ಅಣೆಕಟ್ಟನ್ನು ಬಿಟ್ಟುಬಿಡಿ.

ಪಂಪಿನ ಖರ್ಚನ್ನು ಊರೇ ಹೊರಬೇಕೆಂದೇನೂ ಇಲ್ಲ. ನ್ಯೂಯಾರ್ಕ್ ನಗರ ಕುಡಿಯುವ ನೀರಿನ ಬಹುಪಾಲು ಬರುವುದು ದೂರದ ಕ್ಯಾಟ್‌ಸ್ಕಿಲ್ ಗುಡ್ಡಗಳ ಮತ್ತು ಡೆಲವೇರ್ ನದಿ ಕೊಳ್ಳದ ಜಲಾಶಯಗಳಿಂದ. ಅವುಗಳಿಗಾಗಿ ಹಳ್ಳಿಗಳು ಮುಳುಗಿದ್ದವು, ಜನರಿಗೆ ನಗರದ ಮೇಲೆ ಸಿಟ್ಟಿತ್ತು. ಕೊನೆಗೆ 1997ರಲ್ಲಿ ಒಂದು ಒಪ್ಪಂದ ಆಯಿತು. ಶತಕೋಟಿಗಟ್ಟಲೆ ಡಾಲರ್ ಸುರಿದು ಶುದ್ಧೀಕರಣ ಘಟಕ ಕಟ್ಟುವ ಬದಲು, ನಗರ ಮೇಲಿನ ಹಳ್ಳಿಗಳ ಹೊಲ, ಕೊಟ್ಟಿಗೆ, ಚರಂಡಿ ವ್ಯವಸ್ಥೆ ಸುಧಾರಿಸಲು ಹಣ ಕೊಡುತ್ತದೆ. ಜಲಾಶಯದ ಹೂಳು ನಿಮ್ಮ ಗುಡ್ಡದಿಂದ ಬರುತ್ತದೆ ಎಂದೆನಲ್ಲ. ಅದನ್ನು ನೀವು ತಡೆದರೆ ಜಲಾಶಯದ ಆಯಸ್ಸು ಹೆಚ್ಚುತ್ತದೆ. ಅದಕ್ಕೆ ಬದಲಾಗಿ ಕುಡಿಯುವ ನೀರಿನ ಪಾಲು ಮತ್ತು ಅದನ್ನು ಎತ್ತುವ ಕರೆಂಟ್ ಕೇಳುವುದು ಭಿಕ್ಷೆಯಲ್ಲ.

ಉಳಿದದ್ದು ಸುರಂಗ. ಮಾರ್ಗದ ನಕ್ಷೆಯನ್ನು ಈಗಲೇ ಕೇಳಿ ಪಡೆಯಿರಿ. ಊರಿನ ಪ್ರತಿ ಒರತೆ, ಬಾವಿಯನ್ನು ಅದರ ಮೇಲೆ ಗುರುತು ಮಾಡಿ. ಒಳಗೆ ನೀರು ನುಗ್ಗಿದರೆ ಬಿರುಕುಗಳನ್ನು ಹೇಗೆ ಸಿಮೆಂಟಿನಿಂದ ಮುಚ್ಚುತ್ತಾರೆ, ಒರತೆ ಬತ್ತಿದರೆ ಎಷ್ಟು ದಿನದೊಳಗೆ ಯಾರು ನೀರು ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೆಲಸ ಶುರುವಾದ ಮೇಲೆ ಒರತೆ ಕಡಿಮೆಯಾಯಿತು ಎಂದರೆ ಮೊದಲ ಪ್ರಶ್ನೆ ಬರುವುದು, ಮೊದಲು ಎಷ್ಟಿತ್ತು ಅಂತ. ಅದಕ್ಕೆ ಉತ್ತರ ನಿಮ್ಮ ಹತ್ತಿರವೇ ಇರಬೇಕು. 15 ದಿನಕ್ಕೊಮ್ಮೆ ಬಕೆಟ್ ಹಿಡಿದು ಅಳೆದು, ತಾರೀಖು, ಮಳೆಯ ಪ್ರಮಾಣ, ಫೋಟೊ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ, ಪಕ್ಕದಲ್ಲಿ ಯಾರಾದರೂ ಸರ್ಕಾರಿ ನೌಕರರ ಸಹಿ ಹಾಕಿಸಿ. ಒಂದು ಪೂರ್ತಿ ವರ್ಷದ ಲೆಕ್ಕ ಬೇಕು. ಅದರಲ್ಲೂ ಮಳೆ ಶುರುವಾಗುವ ಹಿಂದಿನ ವಾರದ ಅಳತೆಯನ್ನು ತಪ್ಪಿಸಬೇಡಿ, ವರ್ಷದ ಅತಿ ಕಡಿಮೆ ಹರಿವು ಸಿಗುವುದು ಆಗಲೇ.